ಮುಳ್ಳು ಕೆಂಪು ಮುಟ್ಟಿದರೆ ಏನಾಗುತ್ತದೆ? ಸಣ್ಣ ಕಾರಿನ ಇಂಜಿನ್ ತಾಳುವ ಸುತ್ತುಗಳ ಲೆಕ್ಕ

ಮುಂದೆ ಉದ್ದನೆಯ ಲಾರಿ. ಎದುರಿಗೆ ರಸ್ತೆ ಖಾಲಿ. ನೀವು ಗಂಟೆಗೆ 80 ಕಿ.ಮೀ. ವೇಗದಲ್ಲಿ, ನಾಲ್ಕನೇ ಗೇರ್‌ನಲ್ಲಿದ್ದೀರಿ. ಕಾರಿನ ತುಂಬ ಜನ, ಮೇಲೆ ಎಸಿ ಬೇರೆ. ಆಕ್ಸಿಲರೇಟರ್ ಒತ್ತಿದರೂ ಕಾರು ಎಳೆಯುತ್ತಿಲ್ಲ. ಮೂರನೇ ಗೇರ್‌ಗೆ ಇಳಿಸುತ್ತೀರಿ. ಆರ್‌ಪಿಎಂ ಮೀಟರಿನ ಮುಳ್ಳು 4000 ಮುಟ್ಟಿ ಮೇಲೇರುತ್ತದೆ, ಇಂಜಿನ್ ಕಿರುಚತೊಡಗುತ್ತದೆ. ಗಾಬರಿಯಾಗಿ ಕಾಲು ತೆಗೆದುಬಿಡುತ್ತೀರಿ. ಈಗ ಲಾರಿಯ ಪಕ್ಕದಲ್ಲಿ, ಎದುರು ಬರುವವರ ಜಾಗದಲ್ಲಿ, ಸಾಕಷ್ಟು ವೇಗವಿಲ್ಲದೆ ಸಿಕ್ಕಿಕೊಂಡಿದ್ದೀರಿ.

ಕಾರು ಕಲಿಸಿದವರು ಹೇಳಿದ್ದ "3000 ದಾಟಿಸಬೇಡಿ, ಇಂಜಿನ್ ಹೋಗುತ್ತೆ" ಎಂಬ ಮಾತು ಇಂಥ ಹೊತ್ತಿನಲ್ಲೇ ನೆನಪಾಗುವುದು. ನಾನೂ ಒಂದು ಕಾಲದಲ್ಲಿ ಹಾಗೆ ಕಾಲು ತೆಗೆದವನೇ. ಆಮೇಲೆ ಇಂಜಿನ್ ಒಳಗೆ ಏನು ನಡೆಯುತ್ತದೆ ಎಂದು ಓದಿ ತಿಳಿದುಕೊಂಡಾಗ ಒಂದು ವಿಷಯ ಸ್ಪಷ್ಟವಾಯಿತು. ನಾವು ಹೆದರುವ ಜಾಗದಲ್ಲಿ ಹೆಚ್ಚು ಅಪಾಯವಿಲ್ಲ. ಅಪಾಯ ಇರುವ ಕಡೆ ನಾವು ಹೆದರುವುದೇ ಇಲ್ಲ.

ಇಲ್ಲಿ ಹೇಳುವುದೆಲ್ಲ ಕಂಪನಿಯಿಂದ ಬಂದ ಹಾಗೇ ಇರುವ, ಏನೂ ಮಾರ್ಪಾಡು ಮಾಡಿಸದ ಸಣ್ಣ ಕಾರಿನ ಬಗ್ಗೆ. ಲೆಕ್ಕ ಹಾಕಲು ಅನುಕೂಲವಾಗಲಿ ಎಂದು ಒಂದು ಕಾರನ್ನು ಊಹಿಸಿಕೊಳ್ಳೋಣ: 1.2 ಲೀಟರ್ ಪೆಟ್ರೋಲ್ ಇಂಜಿನ್, 4 ಸಿಲಿಂಡರ್, ಐದು ಗೇರ್, ಮೀಟರಿನಲ್ಲಿ 6000ದಿಂದ ಮೇಲಕ್ಕೆ ಕೆಂಪು ಬಣ್ಣ.

ಆ ಮುಳ್ಳು ತೋರಿಸುವುದೇನು?

ಮೀಟರಿನಲ್ಲಿ 1, 2, 3 ಎಂದು ಬರೆದಿರುತ್ತದೆ. ಪಕ್ಕದಲ್ಲಿ ಚಿಕ್ಕದಾಗಿ "×1000" ಎಂದಿರುತ್ತದೆ. ಮುಳ್ಳು 3ರ ಮೇಲಿದ್ದರೆ ಇಂಜಿನ್ನಿನ ಕ್ರ್ಯಾಂಕ್ ಶಾಫ್ಟ್ ನಿಮಿಷಕ್ಕೆ 3000 ಸುತ್ತು ಹಾಕುತ್ತಿದೆ ಎಂದರ್ಥ. ಇದೇ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ.

ಕ್ರ್ಯಾಂಕ್ ಎಂದರೆ ಸೈಕಲ್ಲಿನ ಪೆಡಲ್ ಇದ್ದ ಹಾಗೆ. ನಮ್ಮ ಮೊಣಕಾಲು ಮೇಲೆ ಕೆಳಗೆ ಹೋಗುತ್ತದೆ, ಪೆಡಲ್ ದುಂಡಗೆ ತಿರುಗುತ್ತದೆ. ಇಂಜಿನ್ನಿನಲ್ಲಿ ಮೊಣಕಾಲಿನ ಜಾಗದಲ್ಲಿ ಸಿಲಿಂಡರ್ ಎಂಬ ಕೊಳವೆಯೊಳಗೆ ಓಡಾಡುವ ಪಿಸ್ಟನ್ ಇದೆ, ಕಣಕಾಲಿನ ಜಾಗದಲ್ಲಿ ಕನೆಕ್ಟಿಂಗ್ ರಾಡ್ ಇದೆ. ಕ್ರ್ಯಾಂಕ್ ಒಂದು ಸುತ್ತು ಹಾಕಿದರೆ ಪಿಸ್ಟನ್ ಒಮ್ಮೆ ಮೇಲೆ ಹೋಗಿ ಒಮ್ಮೆ ಕೆಳಗೆ ಬರುತ್ತದೆ.

ನಿಮಿಷಕ್ಕೆ 6000 ಸುತ್ತು ಎಂದರೆ ಸೆಕೆಂಡಿಗೆ 100 ಸುತ್ತು. ಒಂದೊಂದು ಪಿಸ್ಟನ್ನೂ ಒಂದು ಸೆಕೆಂಡಿನಲ್ಲಿ 100 ಸಲ ಮೇಲೇರಿ, 100 ಸಲ ಕೆಳಗಿಳಿಯುತ್ತದೆ. ಪ್ರತಿ ತುದಿಯಲ್ಲೂ ಪೂರ್ತಿ ನಿಂತು ದಿಕ್ಕು ಬದಲಿಸುತ್ತದೆ. ಒಂದು ಸಿಲಿಂಡರಿನಲ್ಲಿ ಎರಡು ಸುತ್ತಿಗೊಮ್ಮೆ ಪೆಟ್ರೋಲ್ ಹೊತ್ತಿಕೊಳ್ಳುವುದರಿಂದ, ನಾಲ್ಕು ಸಿಲಿಂಡರ್ ಸೇರಿ ಸೆಕೆಂಡಿಗೆ 200 ಸ್ಫೋಟ. ಕಿರುಚಿದಂತೆ ಕೇಳುವುದು ಈ ಸದ್ದೇ.

ಈಗ ಮೂರು ಬೇರೆ ಬೇರೆ ಸಂಖ್ಯೆಗಳನ್ನು ಬಿಡಿಸಿಕೊಳ್ಳಬೇಕು. ಜನ ಇವನ್ನು ಒಂದೇ ಎಂದುಕೊಳ್ಳುತ್ತಾರೆ. ಕಾರಿನ ಮಾಹಿತಿ ಪುಟದಲ್ಲಿ "ಗರಿಷ್ಠ ಶಕ್ತಿ 6000 ಆರ್‌ಪಿಎಂನಲ್ಲಿ" ಎಂದಿರುತ್ತದೆ; ಇಂಜಿನ್ ಅತಿ ಹೆಚ್ಚು ಶಕ್ತಿ ಕೊಡುವ ಜಾಗ ಅದು. ಮೀಟರಿನ ಕೆಂಪು ಗೆರೆ ಎರಡನೆಯದು. ಇದರಾಚೆ ಹೋಗಬೇಡಿ ಎಂದು ಕಂಪನಿ ಹೇಳುವ ಗಡಿ. ಮೂರನೆಯದು ಕಣ್ಣಿಗೆ ಕಾಣುವುದಿಲ್ಲ. ಇಂಜಿನ್ ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸಿಬಿಡುವ ಜಾಗ ಅದು, ಸಾಮಾನ್ಯವಾಗಿ ಕೆಂಪು ಗೆರೆಯಲ್ಲೋ ಅದಕ್ಕಿಂತ ನೂರಾರು ಸುತ್ತು ಮೇಲೋ ಇರುತ್ತದೆ.

ಶಕ್ತಿ ಸಿಗುವ ಜಾಗ ಮತ್ತು ಕೆಂಪು ಗೆರೆ ಎಷ್ಟು ಹತ್ತಿರ ಇವೆ ನೋಡಿ. ಕಂಪನಿ ಬರೆದುಕೊಟ್ಟ ಶಕ್ತಿ ಬೇಕೆಂದರೆ ಅಲ್ಲಿಯ ತನಕ ಹೋಗಲೇಬೇಕು. 3000ದಲ್ಲೇ ನಿಲ್ಲಿಸಿದರೆ ಕೊಂಡ ಇಂಜಿನ್ನಿನ ಅರ್ಧ ಶಕ್ತಿಯನ್ನಷ್ಟೇ ಬಳಸಿದ ಹಾಗೆ.

ಗಡಿ ಯಾಕೆ ಇದೆ: ಪಿಸ್ಟನ್ನಿನ ಪಾಡು

ಹಗ್ಗದ ತುದಿಗೆ ಕಲ್ಲು ಕಟ್ಟಿ ಕವಣೆಯಂತೆ ತಿರುಗಿಸಿ. ನಿಧಾನವಾಗಿ ತಿರುಗಿಸಿದರೆ ಕೈಗೆ ಏನೂ ಅನ್ನಿಸುವುದಿಲ್ಲ. ಜೋರು ಮಾಡಿದಂತೆ ಹಗ್ಗ ಕೈಯನ್ನು ಜಗ್ಗುತ್ತದೆ. ಇನ್ನೂ ಜೋರು ಮಾಡಿದರೆ ಹಗ್ಗವೇ ಕಿತ್ತುಹೋಗಬಹುದು. ಕಲ್ಲಿನ ತೂಕ ಮೊದಲಿದ್ದಷ್ಟೇ ಇದೆ, ವೇಗ ಮಾತ್ರ ಹೆಚ್ಚಿದೆ. ಇಲ್ಲಿ ಒಂದು ನಿಯಮ ಕೆಲಸ ಮಾಡುತ್ತದೆ: ಸುತ್ತು ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಸುತ್ತು ಮೂರು ಪಟ್ಟಾದರೆ ಎಳೆತ ಒಂಬತ್ತು ಪಟ್ಟು. ಈ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ನಮ್ಮ ಕಾರಿಗೆ ಬರೋಣ. ಪಿಸ್ಟನ್ ಮೇಲಿನಿಂದ ಕೆಳಕ್ಕೆ ಹೋಗುವ ದೂರಕ್ಕೆ ಸ್ಟ್ರೋಕ್ ಎನ್ನುತ್ತಾರೆ. ಅದು 80 ಮಿ.ಮೀ. ಇರಲಿ. 6000 ಆರ್‌ಪಿಎಂನಲ್ಲಿ ಪಿಸ್ಟನ್ ತುತ್ತತುದಿಯಲ್ಲಿ ಒಂದು ಕ್ಷಣ ನಿಂತು, 40 ಮಿ.ಮೀ.ಗೂ ಕಡಿಮೆ ದೂರದಲ್ಲಿ ಗಂಟೆಗೆ 90 ಕಿ.ಮೀ. ಮೀರಿದ ವೇಗ ಮುಟ್ಟುತ್ತದೆ. ಮತ್ತೆ ಅಷ್ಟೇ ಬೇಗ ನಿಲ್ಲುತ್ತದೆ. ಒಂದು ಬೆರಳಿನ ಉದ್ದದಷ್ಟು ಜಾಗದಲ್ಲಿ!

ಪಿಸ್ಟನ್, ಅದರ ರಿಂಗು, ಪಿನ್ನು ಎಲ್ಲ ಸೇರಿ 300 ಗ್ರಾಂ ತೂಗುತ್ತವೆ ಎಂದಿಟ್ಟುಕೊಳ್ಳಿ. ಮೇಲಿನ ತುದಿಯಲ್ಲಿ ದಿಕ್ಕು ಬದಲಿಸುವಾಗ ಕನೆಕ್ಟಿಂಗ್ ರಾಡ್ ಅದನ್ನು ಕೆಳಕ್ಕೆ ಜಗ್ಗಬೇಕು. 3000 ಆರ್‌ಪಿಎಂನಲ್ಲಿ ಆ ಜಗ್ಗಾಟ ಸುಮಾರು 155 ಕೆ.ಜಿ. ತೂಕವನ್ನು ನೇತು ಹಾಕಿದಷ್ಟು. 6000ದಲ್ಲಿ ಸುಮಾರು 625 ಕೆ.ಜಿ. 7000ದಲ್ಲಿ 850. 8000ದಲ್ಲಿ 1100 ಕೆ.ಜಿ. ದಾಟುತ್ತದೆ. ಮುನ್ನೂರು ಗ್ರಾಮಿನ ಒಂದು ತುಂಡು ಲೋಹಕ್ಕೆ ಒಂದು ಟನ್ನಿಗೂ ಮೀರಿದ ಎಳೆತ, ಅದೂ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ.

ಎಲ್ಲಕ್ಕಿಂತ ಕಷ್ಟದ ಗಳಿಗೆ ಯಾವುದು ಗೊತ್ತೇ? ಪೆಟ್ರೋಲ್ ಹೊತ್ತಿಕೊಳ್ಳುವ ಹೊತ್ತು ಎಂದು ಅನ್ನಿಸಬಹುದು. ಆದರೆ ಆಗ ಉರಿಯುವ ಗಾಳಿ ಮೇಲಿನಿಂದ ಒತ್ತುತ್ತದೆ, ಪಿಸ್ಟನ್ನನ್ನು ಕೆಳಕ್ಕೆ ತಿರುಗಿಸಲು ಅದೇ ನೆರವಾಗುತ್ತದೆ. ಸುಟ್ಟ ಹೊಗೆಯನ್ನು ಹೊರದಬ್ಬಿ ಪಿಸ್ಟನ್ ಮೇಲೆ ಬಂದಾಗ ಅಂಥ ಆಸರೆ ಇಲ್ಲ. ಪಿಸ್ಟನ್ ಮೇಲಕ್ಕೆ ಹಾರಿಹೋಗಲು ನೋಡುತ್ತದೆ, ರಾಡ್ ಮತ್ತು ಅದರ ಬೋಲ್ಟುಗಳು ಮಾತ್ರ ಹಿಡಿದಿಟ್ಟುಕೊಂಡಿರುತ್ತವೆ. ಮಿತಿ ಮೀರಿ ತಿರುಗಿದ ಇಂಜಿನ್ನಿನಲ್ಲಿ ರಾಡ್ ಮುರಿದು ಬ್ಲಾಕ್ (ಇಂಜಿನ್ನಿನ ಲೋಹದ ಒಡಲು) ತೂತು ಮಾಡಿಕೊಂಡು ಹೊರಬಂದ ಚಿತ್ರಗಳನ್ನು ನೀವು ನೋಡಿರಬಹುದು. ಅಲ್ಲಿ ಹೆಚ್ಚಿನ ಸಲ ಕಥೆ ಶುರುವಾಗುವುದು ಈ ಗಳಿಗೆಯಲ್ಲೇ.

ಹಾಗೆಂದು 6001ಕ್ಕೆ ರಾಡ್ ಮುರಿಯುವುದಿಲ್ಲ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿದಿದ್ದೀರಿ ಅಲ್ವಾ? ಒಂದೇ ಸಲಕ್ಕೆ ಮುರಿಯದ ತಂತಿ ಇಪ್ಪತ್ತನೇ ಸಲಕ್ಕೆ ಮುರಿಯುತ್ತದೆ. ಲೋಹ ದಣಿಯುತ್ತದೆ. ಉಕ್ಕಿಗೆ ಒಂದು ಒಳ್ಳೆಯ ಗುಣವಿದೆ: ಒಂದು ಮಟ್ಟಕ್ಕಿಂತ ಕಡಿಮೆ ಎಳೆದರೆ ಕೋಟಿಗಟ್ಟಲೆ ಸಲ ಎಳೆದರೂ ಅದು ದಣಿಯುವುದಿಲ್ಲ ಎನ್ನಬಹುದು. ಆ ಮಟ್ಟ ದಾಟಿದರೆ ಪ್ರತಿ ಎಳೆತವೂ ಲೆಕ್ಕಕ್ಕೆ ಸೇರುತ್ತದೆ. ಕಂಪನಿಯವರು ಕೆಂಪು ಗೆರೆ ಹಾಕುವುದು ಸುರಕ್ಷಿತ ಬದಿಯಲ್ಲಿ, ಸ್ವಲ್ಪ ಅಂತರ ಬಿಟ್ಟು. ಮಾರುಕಟ್ಟೆಗೆ ಬಿಡುವ ಮೊದಲು ಇಂಜಿನ್ನನ್ನು ಪರೀಕ್ಷಾ ಕೊಠಡಿಯಲ್ಲಿ ಕಟ್ಟಿಹಾಕಿ, ಪೂರ್ತಿ ಆಕ್ಸಿಲರೇಟರ್ ಕೊಟ್ಟು, ನೂರಾರು ಗಂಟೆ ಓಡಿಸುತ್ತಾರೆ. ಒಂದು ಓವರ್‌ಟೇಕಿಗೆ ಬೇಕಾದ ಹತ್ತು ಸೆಕೆಂಡು ಅದರ ಮುಂದೆ ಏನೂ ಅಲ್ಲ.

ಬೈಕು 10,000 ಹೋಗುತ್ತದೆ, ಕಾರು ಯಾಕೆ ಹೋಗಲ್ಲ?

ಬೈಕು ಓಡಿಸಿ ಅಭ್ಯಾಸವಿರುವವರು ಕೇಳುವ ಮೊದಲ ಪ್ರಶ್ನೆ ಇದು. ಉತ್ತರ ಸ್ಟ್ರೋಕಿನಲ್ಲಿದೆ. ನಮ್ಮ ಕಾರಿನ ಪಿಸ್ಟನ್ 80 ಮಿ.ಮೀ. ಹೋಗಿ ಬರಬೇಕು. 6000 ಆರ್‌ಪಿಎಂನಲ್ಲಿ ಅದರ ಸರಾಸರಿ ವೇಗ ಸೆಕೆಂಡಿಗೆ 16 ಮೀಟರ್. ಸಣ್ಣ ಬೈಕಿನ ಸ್ಟ್ರೋಕ್ 55 ಮಿ.ಮೀ. ಇದ್ದರೆ 9000 ಆರ್‌ಪಿಎಂನಲ್ಲಿ ಅದರ ಪಿಸ್ಟನ್ ವೇಗ ಸೆಕೆಂಡಿಗೆ 16.5 ಮೀಟರ್. ಮೀಟರಿನ ಸಂಖ್ಯೆಯಲ್ಲಿ ಅಷ್ಟೊಂದು ವ್ಯತ್ಯಾಸವಿದ್ದರೂ ಪಿಸ್ಟನ್ ಓಡುವ ವೇಗ ಹೆಚ್ಚೂಕಮ್ಮಿ ಒಂದೇ.

ಇದು ಫಾರ್ಮುಲಾ ಒನ್‌ಗೂ ಅನ್ವಯಿಸುತ್ತದೆ ಎಂದರೆ ಆಶ್ಚರ್ಯವಾಗಬಹುದು. 2009ರಿಂದ ಅಲ್ಲಿನ ವಿ8 ಇಂಜಿನ್‌ಗಳಿಗೆ 18,000 ಆರ್‌ಪಿಎಂ ಮಿತಿ ಇತ್ತು. ಅಷ್ಟು ಸುತ್ತು ಸಾಧ್ಯವಾದದ್ದು ಸ್ಟ್ರೋಕ್ ಬರೀ 40 ಮಿ.ಮೀ. ಆಸುಪಾಸು ಇದ್ದದ್ದರಿಂದ. ಪಿಸ್ಟನ್ ವೇಗ ಸೆಕೆಂಡಿಗೆ ಸುಮಾರು 24 ಮೀಟರ್. 1999ರಲ್ಲಿ ಬಂದ ಹೋಂಡಾ ಎಸ್2000 ಎಂಬ ರಸ್ತೆ ಕಾರು 84 ಮಿ.ಮೀ. ಸ್ಟ್ರೋಕ್ ಇಟ್ಟುಕೊಂಡು 9000ದ ಹತ್ತಿರ ಹೋಗುತ್ತಿತ್ತು. ಅದರ ಪಿಸ್ಟನ್ ವೇಗ ಸೆಕೆಂಡಿಗೆ 25 ಮೀಟರಿನಷ್ಟು. ಅದಕ್ಕೆ ಬೇಕಾದ ಗಟ್ಟಿ ರಾಡು, ಹಗುರ ಪಿಸ್ಟನ್ನು, ಬಿಗಿ ಸ್ಪ್ರಿಂಗು ಎಲ್ಲವನ್ನೂ ಹಾಕಿಯೇ ತಯಾರಿಸಿದ್ದರು. ದಿನಬಳಕೆಯ ಸಣ್ಣ ಕಾರಿಗೆ ಅಂಥವನ್ನು ಯಾರೂ ಹಾಕುವುದಿಲ್ಲ, ಹಾಕಬೇಕಾಗಿಯೂ ಇಲ್ಲ.

ಡೀಸೆಲ್ ಕಾರುಗಳಲ್ಲಿ ಕೆಂಪು ಬೇಗ ಬರುತ್ತದೆ, 4500ರಿಂದ 5000ದ ಹತ್ತಿರ. ಡೀಸೆಲ್ ಉರಿಯಲು ಹೆಚ್ಚು ಸಮಯ ಬೇಕು. ಒಳಗಿನ ಒತ್ತಡ ಜಾಸ್ತಿ ಇರುವುದರಿಂದ ಪಿಸ್ಟನ್, ರಾಡ್ ಎಲ್ಲವೂ ದಪ್ಪ, ಭಾರ. ಪೆಟ್ರೋಲ್ ಕಾರಿನಿಂದ ಡೀಸೆಲ್‌ಗೆ ಬಂದವರು ಹಳೇ ಅಭ್ಯಾಸದ ಸಂಖ್ಯೆ ಮರೆಯಬೇಕು.

ವಾಲ್ವ್ ತೇಲುವುದು ಎಂದರೇನು?

ಸಿಲಿಂಡರಿನ ಮೇಲೆ ಚಿಕ್ಕ ಬಾಗಿಲುಗಳಿವೆ. ಒಂದು ಗಾಳಿ ಒಳಗೆ ಬಿಡಲು, ಇನ್ನೊಂದು ಹೊಗೆ ಹೊರಗೆ ಹಾಕಲು. ಇವೇ ವಾಲ್ವ್. ತೆರೆಯುವುದು ಕ್ಯಾಮ್ ಎಂಬ ಉಬ್ಬು. ಮುಚ್ಚುವುದು ಸ್ಪ್ರಿಂಗ್. ಎಂದರೆ, ತೆರೆಯುವಾಗ ಬಲವಂತ, ಮುಚ್ಚುವಾಗ ಸ್ಪ್ರಿಂಗ್‌ಗೆ ಸಾಧ್ಯವಾದಷ್ಟು.

ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಬಾಗಿಲನ್ನು ನೆನಪಿಸಿಕೊಳ್ಳಿ. ಒಬ್ಬೊಬ್ಬರೇ ನಿಧಾನವಾಗಿ ದಾಟಿದರೆ ಪ್ರತಿ ಸಲವೂ ಬಾಗಿಲು ಪೂರ್ತಿ ಮುಚ್ಚುತ್ತದೆ. ಜನ ಒಬ್ಬರ ಹಿಂದೊಬ್ಬರು ನುಗ್ಗಿದರೆ ಬಾಗಿಲಿಗೆ ಮುಚ್ಚಿಕೊಳ್ಳಲು ಸಮಯವೇ ಸಿಗದೆ ಅರೆತೆರೆದೇ ಉಳಿಯುತ್ತದೆ. 6000 ಆರ್‌ಪಿಎಂನಲ್ಲಿ ಪ್ರತಿ ವಾಲ್ವ್ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ. ಒಂದು ಸಲದ ಕೆಲಸಕ್ಕೆ ಸಿಗುವುದು ಸೆಕೆಂಡಿನ ಸಾವಿರ ಭಾಗಗಳಲ್ಲಿ ಏಳು ಭಾಗದಷ್ಟು ಸಮಯ. ಇನ್ನೂ ಜೋರಾದರೆ ಸ್ಪ್ರಿಂಗ್ ಸೋಲುತ್ತದೆ. ವಾಲ್ವ್ ಕ್ಯಾಮಿನ ಮೇಲೆ ಕೂರದೆ ಗಾಳಿಯಲ್ಲಿ ಹಾರುತ್ತದೆ. ಇದಕ್ಕೇ ವಾಲ್ವ್ ಫ್ಲೋಟ್ ಎನ್ನುವುದು.

ಬಾಗಿಲು ಅರೆತೆರೆದಿದ್ದರೆ ಏನಂತೆ ಎನ್ನಬೇಡಿ. ಈಗಿನ ಬಹುತೇಕ ಇಂಜಿನ್‌ಗಳಲ್ಲಿ ವಾಲ್ವ್ ಕೆಳಗಿಳಿದು ತೆರೆಯುವ ಜಾಗಕ್ಕೇ ಪಿಸ್ಟನ್ನೂ ಮೇಲೆ ಬರುತ್ತದೆ. ಇಬ್ಬರೂ ಸರದಿಯ ಮೇಲೆ ಒಂದೇ ಕೋಣೆ ಬಳಸುವ ಹಾಗೆ. ಸರದಿ ತಪ್ಪಿದರೆ ಪಿಸ್ಟನ್ ಬಂದು ವಾಲ್ವ್‌ಗೆ ಗುದ್ದುತ್ತದೆ. ವಾಲ್ವ್ ಬಾಗುತ್ತದೆ. ಆಮೇಲೆ ಹೆಡ್, ಅಂದರೆ ವಾಲ್ವ್‌ಗಳಿರುವ ಇಂಜಿನ್ನಿನ ಮೇಲ್ಭಾಗ, ಬಿಚ್ಚದೆ ಬೇರೆ ದಾರಿಯಿಲ್ಲ. ಮಾರ್ಪಾಡು ಮಾಡದ ಸಣ್ಣ ಕಾರಿನಲ್ಲಿ ಸುತ್ತು ಮಿತಿಮೀರಿದಾಗ ರಾಡಿಗಿಂತ ಮೊದಲು ಹಾಳಾಗುವುದು ಹೆಚ್ಚಾಗಿ ಇದೇ ಭಾಗ.

ಕೂದಲಿಗಿಂತ ತೆಳುವಾದ ಎಣ್ಣೆ ಪದರ

ಕ್ರ್ಯಾಂಕ್ ಶಾಫ್ಟ್ ಬೇರಿಂಗಿನ ಒಳಗೆ ತಿರುಗುವಾಗ ಲೋಹಕ್ಕೆ ಲೋಹ ತಾಗಿರುವುದಿಲ್ಲ. ನಡುವೆ ಕೂದಲಿಗಿಂತ ತೆಳುವಾದ ಆಯಿಲ್ ಪದರ ಇರುತ್ತದೆ. ಮಳೆ ನೀರು ನಿಂತ ರಸ್ತೆಯಲ್ಲಿ ವೇಗವಾಗಿ ಹೋದರೆ ಟೈರು ರಸ್ತೆ ಬಿಟ್ಟು ನೀರಿನ ಮೇಲೆ ತೇಲುತ್ತದಲ್ಲ, ಅದೇ ರೀತಿ ಶಾಫ್ಟ್ ಆಯಿಲಿನ ಮೇಲೆ ತೇಲುತ್ತದೆ. ಟೈರಿಗೆ ಅದು ಅಪಾಯ, ಶಾಫ್ಟಿಗೆ ಅದೇ ಜೀವ.

ತಮಾಷೆ ಎಂದರೆ, ಈ ತೇಲುವಿಕೆಗೆ ವೇಗ ಬೇಕು. ಸುತ್ತು ತೀರಾ ಕಡಿಮೆಯಿದ್ದು ಭಾರ ಜಾಸ್ತಿ ಇದ್ದರೆ ಪದರ ತೆಳುವಾಗುತ್ತದೆ. ಇದಕ್ಕೆ ಮುಂದೆ ಮತ್ತೆ ಬರುತ್ತೇನೆ. ಸುತ್ತು ತೀರಾ ಹೆಚ್ಚಿದರೆ ಬೇರೆ ತೊಂದರೆ: ಆಯಿಲ್ ಕಾಯುತ್ತದೆ, ಕಾದು ನೀರಿನ ಹಾಗೆ ತೆಳುವಾಗುತ್ತದೆ, ತಿರುಗುವ ಭಾಗಗಳು ಅದನ್ನು ಕಡೆದು ನೊರೆ ಮಾಡಬಹುದು. ನೊರೆಯ ಮೇಲೆ ಶಾಫ್ಟ್ ತೇಲುವುದಿಲ್ಲ. ಆಯಿಲ್ ಮಟ್ಟ ಕಡಿಮೆ ಇರುವ ಕಾರಿನಲ್ಲಿ ಕೆಂಪು ಗೆರೆ ಎಲ್ಲಿದೆ ಎಂದು ಕೇಳುವುದೇ ದಂಡ. ಅಲ್ಲಿ 4500 ಕೂಡ ಕೆಂಪೇ ಇರಬಹುದು.

ಕಾವಲಿಗೆ ಕಂಪ್ಯೂಟರ್ ಇದೆ

ಕ್ರ್ಯಾಂಕಿಗೆ ಒಂದು ಹಲ್ಲಿನ ಚಕ್ರ ಜೋಡಿಸಿರುತ್ತಾರೆ. ಸಾಮಾನ್ಯವಾಗಿ 60 ಹಲ್ಲು ಇರಬೇಕಾದ ಜಾಗದಲ್ಲಿ 58 ಹಲ್ಲು, ಎರಡು ಹಲ್ಲಿನ ಜಾಗ ಖಾಲಿ. ಪಕ್ಕದ ಸೆನ್ಸರ್ ಹಲ್ಲುಗಳನ್ನು ಎಣಿಸುತ್ತದೆ, ಖಾಲಿ ಜಾಗ ಬಂದಾಗ ಒಂದು ಸುತ್ತು ಮುಗಿಯಿತು ಎಂದು ತಿಳಿಯುತ್ತದೆ. ಸುತ್ತು ಮಿತಿ ಮುಟ್ಟಿದ ಕೂಡಲೇ ಕಂಪ್ಯೂಟರ್ ಪೆಟ್ರೋಲ್ ಸಿಂಪಡಿಸುವುದನ್ನು ನಿಲ್ಲಿಸುತ್ತದೆ. ಇಂಜಿನ್ ಸ್ವಲ್ಪ ಇಳಿಯುತ್ತದೆ, ಮತ್ತೆ ಪೆಟ್ರೋಲ್ ಬಿಡುತ್ತದೆ. ಕಾಲು ತೆಗೆಯದೇ ಇದ್ದರೆ ಕಾರು ಬಿಕ್ಕಳಿಸಿದ ಹಾಗೆ ಜರ್ಕ್ ಹೊಡೆಯುವುದು ಇದಕ್ಕೇ. ಕಿಡಿ ನಿಲ್ಲಿಸಿದರೂ ಆಗುತ್ತದೆ, ಆದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ ಅಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳು ಮಾಡಬಹುದು. ಹಾಗಾಗಿ ಪೆಟ್ರೋಲ್ ನಿಲ್ಲಿಸುವ ದಾರಿಯೇ ಹೆಚ್ಚು ಬಳಕೆಯಲ್ಲಿದೆ.

ಕೆಲವು ಕಾರುಗಳಲ್ಲಿ ನ್ಯೂಟ್ರಲ್‌ನಲ್ಲಿ ನಿಂತಿದ್ದಾಗ ಸುಮ್ನೆ ರೇಸ್ ಮಾಡಿದರೆ 4000ದ ಆಸುಪಾಸಿನಲ್ಲೇ ಕಟ್ ಆಗುತ್ತದೆ. ಅದು ಕೆಟ್ಟಿರುವುದಲ್ಲ, ಬೇಕೆಂದೇ ಹಾಗೆ ಮಾಡಿರುವುದು.

ಒಟ್ಟಿನಲ್ಲಿ, ನಿಮ್ಮ ಬಲಗಾಲು ಎಷ್ಟೇ ಒತ್ತಿದರೂ ಇಂಜಿನ್ನನ್ನು ಮಿತಿ ಮೀರಿಸಲು ಅದಕ್ಕೆ ಆಗುವುದಿಲ್ಲ. ಅದನ್ನು ಮಾಡಬಲ್ಲದ್ದು ನಿಮ್ಮ ಎಡಗೈ.

ಕಾವಲು ಕೆಲಸಕ್ಕೆ ಬಾರದ ಜಾಗ: ತಪ್ಪು ಗೇರ್

ಗೇರ್ ಹಾಕಿ ಕ್ಲಚ್ ಬಿಟ್ಟರೆ ಚಕ್ರ ಮತ್ತು ಇಂಜಿನ್ ಒಂದಕ್ಕೊಂದು ಬಿಗಿಯಾಗಿ ಕೂಡಿಕೊಳ್ಳುತ್ತವೆ. ಇಂಜಿನ್ ಚಕ್ರವನ್ನು ತಿರುಗಿಸಬಹುದು, ಚಕ್ರವೂ ಇಂಜಿನ್ನನ್ನು ತಿರುಗಿಸಬಹುದು. ಬ್ಯಾಟರಿ ಡೌನ್ ಆದಾಗ ತಳ್ಳಿ ಸ್ಟಾರ್ಟ್ ಮಾಡುವುದು ಈ ಎರಡನೇ ದಾರಿಯಿಂದಲೇ.

ನಮ್ಮ ಕಾರು 110 ಕಿ.ಮೀ. ವೇಗದಲ್ಲಿ ಐದನೇ ಗೇರ್‌ನಲ್ಲಿ ಹೋಗುತ್ತಿದೆ. ಆಗ ಇಂಜಿನ್ 3250 ಆರ್‌ಪಿಎಂನಲ್ಲಿದೆ. ನಾಲ್ಕಕ್ಕೆ ಇಳಿಸಿದರೆ ಅದು 3950ಕ್ಕೆ ಏರುತ್ತದೆ, ಏನೂ ತೊಂದರೆಯಿಲ್ಲ. ಆದರೆ ಐದರಿಂದ ಲಿವರನ್ನು ಕೆಳಕ್ಕೆ ಎಳೆಯುವಾಗ ಕೈ ಸ್ವಲ್ಪ ಎಡಕ್ಕೆ ಜಾಸ್ತಿ ಹೋಯಿತು ಎಂದುಕೊಳ್ಳಿ. ನಾಲ್ಕರ ಪಕ್ಕದಲ್ಲೇ ಎರಡು ಇದೆ. ಲಿವರ್ ಎರಡಕ್ಕೆ ಕೂತಿತು, ನೀವು ಕ್ಲಚ್ ಬಿಟ್ಟಿರಿ. ಕಾರಿನ ತೂಕವೆಲ್ಲ ಸೇರಿ ಇಂಜಿನ್ನನ್ನು 7900 ಆರ್‌ಪಿಎಂಗೆ ಜಗ್ಗುತ್ತದೆ. ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸುತ್ತದೆ. ಆದರೆ ಈಗ ಇಂಜಿನ್ ತಿರುಗುತ್ತಿರುವುದು ಪೆಟ್ರೋಲಿನಿಂದ ಅಲ್ಲವಲ್ಲ! ಕಂಪ್ಯೂಟರ್ ಕೈಕಟ್ಟಿ ನೋಡಬೇಕಷ್ಟೆ. ಒಂದೇ ಸೆಕೆಂಡು ಸಾಕು, ವಾಲ್ವ್ ಬಾಗಬಹುದು. ಮುಂದಿನ ಚಕ್ರಗಳು ಒಮ್ಮೆಲೇ ಕಚ್ಚಿ ಕಾರು ಜಾರುವ ಅಪಾಯ ಬೇರೆ.

ಗೇರ್ ಬಾಕ್ಸ್ ಒಂದು ಸೂಚನೆ ಕೊಡುತ್ತದೆ. ಅಷ್ಟು ವೇಗದಲ್ಲಿ ಎರಡನೇ ಗೇರ್ ಸಲೀಸಾಗಿ ಬೀಳುವುದಿಲ್ಲ, ಲಿವರ್ ತಡೆಯುತ್ತದೆ. ತಡೆದ ಲಿವರನ್ನು ಒತ್ತಿ ನೂಕಬೇಡಿ. ತಪ್ಪಾಯಿತು ಅನ್ನಿಸಿದರೆ ಕ್ಲಚ್ ಪೂರ್ತಿ ಒತ್ತಿ ಹಿಡಿಯಿರಿ, ಇಂಜಿನ್ ಮತ್ತು ಚಕ್ರ ಬೇರೆಯಾಗುತ್ತವೆ. ಐದರಿಂದ ನಾಲ್ಕಕ್ಕೆ ಬರುವಾಗ ಅಂಗೈಯಿಂದ ಲಿವರನ್ನು ಎಡಕ್ಕೆ ನೂಕದೆ ನೇರ ಕೆಳಕ್ಕೆ ಎಳೆದರೆ ಸಾಕು, ನಡುವಿಗೆ ಅದು ತಾನಾಗಿಯೇ ಬರುತ್ತದೆ. ಆಟೋಮ್ಯಾಟಿಕ್ ಮತ್ತು ಎಎಂಟಿ (ಮ್ಯಾನುವಲ್ ಗೇರ್ ಬಾಕ್ಸನ್ನೇ ಯಂತ್ರ ತಾನಾಗಿ ಬದಲಿಸುವ) ಕಾರುಗಳಿಗೆ ಈ ಭಯವಿಲ್ಲ. ಸುತ್ತು ಮಿತಿ ಮೀರುವಂತಿದ್ದರೆ ನೀವು ಕೇಳಿದರೂ ಅವು ಕೆಳಗಿನ ಗೇರ್ ಕೊಡುವುದಿಲ್ಲ.

ಉದ್ದದ ಇಳಿಜಾರಿನಲ್ಲೂ ಇದೇ ನಿಯಮ ನಿಧಾನಗತಿಯಲ್ಲಿ ನಡೆಯುತ್ತದೆ. ಎರಡನೇ ಗೇರ್‌ನಲ್ಲಿ ಇಳಿಯುವುದು ಒಳ್ಳೆಯ ಅಭ್ಯಾಸವೇ. ಇಂಜಿನ್ 4000ದಲ್ಲಿ ಗೊರಗೊರ ಅಂದರೂ ಅದಕ್ಕೆ ಕಷ್ಟವಿಲ್ಲ, ಪೆಟ್ರೋಲ್ ಕೂಡ ಆಗ ಖರ್ಚಾಗುತ್ತಿರುವುದಿಲ್ಲ. ಆದರೆ ಮುಳ್ಳು ಮೇಲೇರುತ್ತಾ ಹೋದರೆ ನಿಲ್ಲಿಸುವ ಕೆಲಸ ಬ್ರೇಕಿನದು. ಕಂಪ್ಯೂಟರಿಗೆ ಕತ್ತರಿಸಲು ಅಲ್ಲಿ ಏನೂ ಉಳಿದಿಲ್ಲ.

ಮಿತಿಯನ್ನೇ ಮೇಲಕ್ಕೆ ಏರಿಸಿಬಿಟ್ಟರೆ?

ಕಂಪ್ಯೂಟರಿನ ಒಳಗಿನ ಸಂಖ್ಯೆ ಬದಲಿಸಿ ಮಿತಿಯನ್ನು 6800 ಮಾಡಿಕೊಡುತ್ತೇವೆ ಎನ್ನುವವರಿದ್ದಾರೆ. ಸಂಖ್ಯೆ ಬದಲಾಗುತ್ತದೆ, ರಾಡು ಸ್ಪ್ರಿಂಗು ಬದಲಾಗುವುದಿಲ್ಲ. ಅದು ಹಾಗಿರಲಿ, ಲಾಭವಾದರೂ ಏನು?

ಶಕ್ತಿ ಎಂದರೆ ತಿರುಗಿಸುವ ಬಲ ಗುಣಿಸು ಸುತ್ತು. ನಮ್ಮ ಕಾರು 6000ದಲ್ಲಿ 95 ನ್ಯೂಟನ್ ಮೀಟರ್ ಬಲ ಕೊಟ್ಟರೆ ಶಕ್ತಿ ಸುಮಾರು 60 ಕಿಲೋವ್ಯಾಟ್. ಅದರ ಮೇಲೆ ಹೋದಂತೆ ಸಣ್ಣ ಇಂಜಿನ್ನಿಗೆ ಉಸಿರು ಸಾಲುವುದಿಲ್ಲ. ವಾಲ್ವ್, ಗಾಳಿ ಬರುವ ಕೊಳವೆ ಎಲ್ಲವೂ ಪೇಟೆಯ ಓಡಾಟಕ್ಕೆ ತಕ್ಕಂತೆ ಅಳತೆ ಮಾಡಿದವು. 6800ರಲ್ಲಿ ಬಲ 75ಕ್ಕೆ ಇಳಿದರೆ ಶಕ್ತಿ 53 ಕಿಲೋವ್ಯಾಟ್. ಸದ್ದು ಹೆಚ್ಚಿತು, ಎಳೆತ ಕಡಿಮೆಯಾಯಿತು. ಮೇಲಿನ ಗೇರ್ ಹಾಕಿದ್ದರೆ ಕಾರು ಇನ್ನೂ ಜೋರಾಗಿ ಹೋಗುತ್ತಿತ್ತು.

ಹಾಗಾದರೆ ದಿನವೂ ಎಷ್ಟರಲ್ಲಿ ಓಡಿಸಬೇಕು?

ಸಣ್ಣ ಪೆಟ್ರೋಲ್ ಕಾರಿಗೆ ಸಮತಟ್ಟು ರಸ್ತೆಯಲ್ಲಿ ಆರಾಮವಾಗಿ ಹೋಗುವಾಗ 1800ರಿಂದ 3000 ಸಾಕು. ಮೈಲೇಜೂ ಚೆನ್ನಾಗಿ ಸಿಗುತ್ತದೆ. ಏರು ಹತ್ತುವಾಗ, ಹೆದ್ದಾರಿಗೆ ಸೇರುವಾಗ, ಲಾರಿ ದಾಟುವಾಗ 4000–5500 ಬಳಸಿ, ಅದು ಇರುವುದೇ ಅದಕ್ಕೆ. ಕೆಂಪು ಗೆರೆಯನ್ನು ಒಮ್ಮೆ ಮುಟ್ಟಿದರೆ ಇಂಜಿನ್ ಬಿಸಿಯಾಗಿದ್ದು ಆಯಿಲ್ ಸರಿಯಿದ್ದರೆ ಏನೂ ಆಗುವುದಿಲ್ಲ. ಅಲ್ಲೇ ನಿಮಿಷಗಟ್ಟಲೆ ಹಿಡಿದು ಕೂರುವುದು ಬೇರೆ ಮಾತು. ಶಾಖ ಮತ್ತು ಸವೆತ ಎರಡೂ ಹೆಚ್ಚುತ್ತವೆ.

ನಿಜಕ್ಕೂ ಹೆದರಬೇಕಾದದ್ದು ತಣ್ಣಗಿನ ಇಂಜಿನ್ನಿಗೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಗಟ್ಟಿಯಾಗಿರುತ್ತದೆ, ಸಂದುಗಳಿಗೆ ಹರಿಯಲು ಹೊತ್ತು ಹಿಡಿಯುತ್ತದೆ. ಮೀಟರಿನಲ್ಲಿ ಕಾಣುವ ಬಿಸಿಯ ಮುಳ್ಳು ಕೂಲಂಟಿನದು, ಅಂದರೆ ಇಂಜಿನ್ ತಂಪು ಮಾಡುವ ದ್ರವದ್ದು. ಅದು ಮಧ್ಯಕ್ಕೆ ಬಂದ ಮೇಲೂ ಆಯಿಲ್ ಪೂರ್ತಿ ಬಿಸಿಯಾಗಲು ಇನ್ನೂ ಕೆಲವು ಕಿ.ಮೀ. ಬೇಕು. ಅಲ್ಲಿಯ ತನಕ 2500ರ ಆಸುಪಾಸಿನಲ್ಲಿ ಮೆತ್ತಗೆ ಓಡಿಸಿ. ನಿಂತಲ್ಲೇ ರೇಸ್ ಮಾಡಿ ಬಿಸಿ ಮಾಡುವುದಂತೂ ಬೇಡವೇ ಬೇಡ. ಹೊಸ ಕಾರಿಗೆ ಮೊದಲ ಸಾವಿರ ಕಿ.ಮೀ. ಆಸುಪಾಸು ಎಷ್ಟು ಮೀರಬಾರದು ಎಂಬುದು ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲೇ ಇರುತ್ತದೆ. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಕವರ್ ಕೂಡ ತೆಗೆಯದೆ ಬಿದ್ದಿರುವ ಪುಸ್ತಕ ಅದು.

ಇನ್ನೊಂದು ತಪ್ಪು "ಮೈಲೇಜ್ ಬರುತ್ತೆ" ಎಂದು ಐದನೇ ಗೇರ್‌ನಲ್ಲಿ 1200 ಆರ್‌ಪಿಎಂನಲ್ಲಿ ಏರು ಹತ್ತಿಸುವುದು. ಆಯಿಲ್ ಪದರ ತೆಳುವಾಗುತ್ತದೆ ಎಂದೆನಲ್ಲ, ಅದು ಇಲ್ಲಿ. ಸೈಕಲ್ಲಿನಲ್ಲಿ ದೊಡ್ಡ ಗೇರ್ ಹಾಕಿಕೊಂಡು ಏರು ತುಳಿದರೆ ಮೊಣಕಾಲು ನೋಯುವ ಹಾಗೆ ಇಂಜಿನ್ನೂ ಗುದ್ದಾಡುತ್ತದೆ, ಒಳಗೆ ಟಕಟಕ ಸದ್ದು ಬರುತ್ತದೆ. ಸಿಲಿಂಡರಿಗೆ ನೇರವಾಗಿ ಪೆಟ್ರೋಲ್ ಸಿಂಪಡಿಸುವ ಸಣ್ಣ ಟರ್ಬೊ ಇಂಜಿನ್‌ಗಳಲ್ಲಿ ಇದು ಇನ್ನೂ ಕೆಟ್ಟದ್ದು. ಕಡಿಮೆ ಸುತ್ತಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟರೆ ಕಿಡಿ ಬರುವ ಮೊದಲೇ ಪೆಟ್ರೋಲ್ ತಾನಾಗಿ ಹೊತ್ತಿಕೊಂಡು ಪಿಸ್ಟನ್ ಸೀಳುವ ಮಟ್ಟಕ್ಕೂ ಹೋಗಬಹುದು. ಸದ್ದೇ ಇಲ್ಲದ 1200ಕ್ಕಿಂತ ಕಿರುಚುವ 4000 ಎಷ್ಟೋ ವಾಸಿ.

ಸಿವಿಟಿ (ಹಂತಗಳಿಲ್ಲದೆ ಅನುಪಾತ ನಿರಂತರ ಬದಲಾಗುವ) ಗೇರ್ ಬಾಕ್ಸ್ ಇರುವ ಕಾರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಮುಳ್ಳು 5000ಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ, ಕಾರಿನ ವೇಗ ಆಮೇಲೆ ಏರುತ್ತದೆ. ಅದರ ಸ್ವಭಾವವೇ ಹಾಗೆ. ಹೆದರಿ ಮೆಕ್ಯಾನಿಕ್ ಹತ್ತಿರ ಓಡಬೇಕಿಲ್ಲ.

ಹಳೇ ಕಾರಿನ ವಿಷಯ ಬೇರೆ. ಲಕ್ಷಾಂತರ ಕಿ.ಮೀ. ಓಡಿದ ಇಂಜಿನ್ನಿನಲ್ಲಿ ಸ್ಪ್ರಿಂಗ್ ಸಡಿಲವಾಗಿರಬಹುದು, ಕ್ಯಾಮನ್ನು ಕ್ರ್ಯಾಂಕಿನ ಜೊತೆ ಸರಿಹೊಂದಿಸಿ ತಿರುಗಿಸುವ ಟೈಮಿಂಗ್ ಚೈನ್ ಸವೆದು ಉದ್ದವಾಗಿರಬಹುದು, ಅದರ ಬದಲು ಬೆಲ್ಟ್ ಇದ್ದರೆ ಅದರ ಅವಧಿ ಮುಗಿದಿರಬಹುದು. ಮೀಟರಿನ ಕೆಂಪು ಬಣ್ಣ ಹೊಸ ಇಂಜಿನ್ನಿಗಾಗಿ ಬಳಿದದ್ದು. ಅಂಥ ಕಾರಿನಲ್ಲಿ ಸಾವಿರ ಸುತ್ತು ಈಚೆಗೇ ನಿಲ್ಲುವುದು ಜಾಣತನ.

ಆರ್‌ಪಿಎಂ ಮೀಟರೇ ಇಲ್ಲದಿದ್ದರೆ?

ಸಣ್ಣ ಕಾರುಗಳ ಕೆಳ ಮಾಡೆಲ್‌ಗಳಲ್ಲಿ ಹಲವು ಸಲ ಈ ಮೀಟರ್ ಇರುವುದೇ ಇಲ್ಲ. ಆಗ ವೇಗದಿಂದಲೇ ಲೆಕ್ಕ ಹಾಕಬಹುದು, ಯಾಕೆಂದರೆ ಒಂದು ಗೇರ್‌ನಲ್ಲಿ ವೇಗಕ್ಕೂ ಸುತ್ತಿಗೂ ಇರುವ ಸಂಬಂಧ ಬದಲಾಗುವುದಿಲ್ಲ. ಕೆಲವು ಕಂಪನಿಗಳ ಪುಸ್ತಕದಲ್ಲಿ ಯಾವ ಗೇರ್‌ನಲ್ಲಿ ಗರಿಷ್ಠ ಎಷ್ಟು ವೇಗ ಎಂದು ಕೊಟ್ಟಿರುತ್ತಾರೆ.

ಇಲ್ಲದಿದ್ದರೆ ನಾವೇ ಮಾಡೋಣ. ನಮ್ಮ ಕಾರಿನ ಚಕ್ರದ ಸುತ್ತಳತೆ 1.8 ಮೀಟರ್. ಮೂರನೇ ಗೇರ್‌ನಲ್ಲಿ ಚಕ್ರ ಒಂದು ಸುತ್ತು ಹಾಕಲು ಇಂಜಿನ್ 5.25 ಸುತ್ತು ಹಾಕಬೇಕು. ಇಂಜಿನ್ 6000ದಲ್ಲಿದ್ದರೆ ಚಕ್ರ ನಿಮಿಷಕ್ಕೆ 1143 ಸುತ್ತು, ಅಂದರೆ ಗಂಟೆಗೆ 123 ಕಿ.ಮೀ. ಇದೇ ರೀತಿ ಮೊದಲ ಗೇರ್‌ನಲ್ಲಿ ಕೆಂಪು ಬರುವುದು 45 ಕಿ.ಮೀ.ಗೆ, ಎರಡನೆಯದರಲ್ಲಿ 83ಕ್ಕೆ. ನಿಮ್ಮ ಕಾರಿನ ಗೇರ್ ಅನುಪಾತ ಸ್ವಲ್ಪ ಬೇರೆ ಇರುತ್ತದೆ, ಲೆಕ್ಕದ ದಾರಿ ಇದೇ.

ಮೊದಲಿಗೆ ಬಿಟ್ಟ ಲಾರಿಯ ಹತ್ತಿರ ಹೋಗಿ ನೋಡಿ. 80ರಲ್ಲಿ ಮೂರನೇ ಗೇರ್‌ಗೆ ಇಳಿಸಿದಾಗ ಮುಳ್ಳು ಏರಿದ್ದು 2900ರಿಂದ 3900ಕ್ಕೆ. ಲಾರಿ ದಾಟಿ ಮುಗಿಸುವಾಗ ವೇಗ 95 ಇದ್ದರೆ ಮುಳ್ಳು 4600ರಲ್ಲಿರುತ್ತದೆ. ಕೆಂಪಿಗೆ ಇನ್ನೂ 1400 ಸುತ್ತು ಬಾಕಿ.